ಒಂದೇ ಎಂಜಿನ್, ಎರಡು ಹೆಸರು

ಬುಲೆಟ್ ಬೇಕೋ ಸ್ಕೂಟಿ ಬೇಕೋ ಅಂತ ಕೇಳಿದ್ರೆ ಯಾರಾದ್ರೂ ಅರ್ಧ ನಿಮಿಷದಲ್ಲಿ ಉತ್ತರ ಹೇಳ್ತಾರೆ. ಕಷ್ಟ ಬರೋದು ಎರಡೂ ಗಾಡಿ ಒಂದೇ ಥರ ಇದ್ದಾಗ. ನಮ್ಮ ಕಾಕಾನ ಮಗ, ಅಂದ್ರೆ ನಮ್ಮಣ್ಣ, ನನಗೆ ಹಚ್ಚಿದ್ದು ಅಂಥದೇ ಕೆಲಸ. "ತಮ್ಮಾ, ನೀ ಮೆಕ್ಯಾನಿಕಲ್ ಓದಾಕತ್ತಿ. ಸೆಕೆಂಡ್ ಹ್ಯಾಂಡ್ ಎರಡು ಗಾಡಿ ನೋಡೇನಿ. ಒಂದು ಬಿಎಂಡಬ್ಲ್ಯು ಜಿ 310 ಆರ್, ಒಂದು ಟಿವಿಎಸ್ ಅಪಾಚೆ ಆರ್‌ಟಿಆರ್ 310. ಯಾವ್ದು ತಗೊಳ್ಳಿ ಹೇಳು."

ಅಣ್ಣನ ಮನೆ ವಿದ್ಯಾಗಿರಿಯಲ್ಲಿ, ಕೆಲಸ ಹುನಗುಂದದಲ್ಲಿ. ಅಮೀನಗಡ ದಾಟಿ ದಿನಾ ಹೋಗಿ ಬರಬೇಕು. ಮೂರು ವರ್ಷ ಪಗಾರದಲ್ಲಿ ಉಳಿಸಿದ ದುಡ್ಡು. ಮುಂದಿನ ವರ್ಷ ತಂಗಿ ಪಿಯುಸಿ ಮುಗಿಸ್ತಾಳೆ, ಅವಳ ಕಾಲೇಜಿನ ಫೀ ಕೂಡ ಇದೇ ಗಂಟಿನಿಂದಲೇ ಹೋಗಬೇಕು. ಹಂಗಾಗಿ ತಪ್ಪು ಗಾಡಿ ತಂದು, ಆರು ತಿಂಗಳಿಗೆ ಮಾರಿ, ಮತ್ತೊಂದು ತರೋ ಆಟ ನಮ್ಮ ಮನೆಯಲ್ಲಿ ನಡೆಯೋದಿಲ್ಲ.

ಈ ಎರಡು ಗಾಡಿ ಯಾಕೆ ಒಂದೇ ಥರ ಅಂದ್ರೆ, ಎರಡರ ಬೇರೂ ಒಂದೇ. 2013ರ ಏಪ್ರಿಲ್‌ನಲ್ಲಿ ಬಿಎಂಡಬ್ಲ್ಯು ಮತ್ತು ಟಿವಿಎಸ್ 500 ಸಿಸಿ ಒಳಗಿನ ಬೈಕ್‌ಗಳಿಗಾಗಿ ಒಪ್ಪಂದ ಮಾಡಿಕೊಂಡವು. ಅದರಿಂದ ಬಂದದ್ದು ಸುಮಾರು 312 ಸಿಸಿಯ ಸಿಂಗಲ್ ಸಿಲಿಂಡರ್ ಎಂಜಿನ್. ಜಿ 310 ಆರ್ ಭಾರತದ ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ಆರ್‌ಟಿಆರ್ 310 ಬಂದದ್ದು 2023ರಲ್ಲಿ. ಎರಡೂ ತಯಾರಾದದ್ದು ಹೊಸೂರಿನಲ್ಲಿ, ಅತ್ತಿಬೆಲೆ ಗಡಿ ದಾಟಿದ ಕೂಡಲೇ ಸಿಗುವ ಊರಲ್ಲಿ. ಜರ್ಮನಿಯ ಹೆಸರಿನ ಗಾಡಿ ಕೂಡ ನಮ್ಮ ಪಕ್ಕದ ಮನೆಯದೇ ಅಂದಂಗಾಯ್ತು.

ಎಂಜಿನ್ ವಿಚಿತ್ರ ಇದೆ, ನಮ್ಮ ಬ್ರಾಂಚಿನವರು ಒಮ್ಮೆ ಬಗ್ಗಿ ನೋಡಲೇಬೇಕು. ಸಾಮಾನ್ಯವಾಗಿ ಸಿಲಿಂಡರ್ ನೇರ ನಿಂತಿರ್ತದೆ, ಇಲ್ಲಾ ಮುಂದಕ್ಕೆ ಬಾಗಿರ್ತದೆ. ಇಲ್ಲಿ ಹಿಂದಕ್ಕೆ ಬಾಗಿದೆ, ಹೆಡ್ ತಿರುಗಿಸಿ ಕೂರಿಸಿದ್ದಾರೆ. ಗಾಳಿ ಮುಂದಿನಿಂದ ಒಳಗೆ ಹೋಗ್ತದೆ, ಹೊಗೆ ಹಿಂದಿನಿಂದ ಹೊರಗೆ ಬರ್ತದೆ. ಇದರಿಂದ ಎಂಜಿನ್ ಮುಂದಿನ ಚಕ್ರದ ಹತ್ತಿರ ಸರೀತದೆ, ಹಿಂದೆ ಸ್ವಿಂಗ್‌ಆರ್ಮ್ ಉದ್ದ ಇಡಲಿಕ್ಕೆ ಜಾಗ ಸಿಗ್ತದೆ. ನೇಕೆಡ್ ಬೈಕ್ ಆದ್ದರಿಂದ ಮೈಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲ, ಇದೆಲ್ಲ ಕಣ್ಣಿಗೆ ಕಾಣ್ತದೆ. ಬೋರ್ 80 ಮಿ.ಮೀ., ಸ್ಟ್ರೋಕ್ 62.1 ಮಿ.ಮೀ. ಕ್ಯಾಲ್ಕ್ಯುಲೇಟರ್ ತಗೊಂಡು ಗುಣಿಸಿ ನೋಡಿ, ಸುಮಾರು 312 ಬರ್ತದೆ.

ನಾನು ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿದೆ. ಅಣ್ಣ ನೋಡಿದ್ದ ಬಿಎಂಡಬ್ಲ್ಯು ಬಿಎಸ್ 6 ಮಾಡೆಲ್: 34 ಪಿಎಸ್, 164 ಕೆ.ಜಿ. ಅಪಾಚೆ: 35.6 ಪಿಎಸ್, 169 ಕೆ.ಜಿ. ಟನ್ನಿಗೆ ಲೆಕ್ಕ ಹಾಕಿದರೆ ಒಂದು 207, ಇನ್ನೊಂದು 211. ಎರಡು ಪರ್ಸೆಂಟಿನ ಒಳಗಿನ ವ್ಯತ್ಯಾಸ. ಅಣ್ಣನ ಬೆನ್ನಿಗಿರುವ ಟಿಫಿನ್ ಬ್ಯಾಗೇ ಇದಕ್ಕಿಂತ ದೊಡ್ಡ ವ್ಯತ್ಯಾಸ ಮಾಡಬಹುದು! ಟ್ಯಾಂಕ್ ಎರಡಕ್ಕೂ 11 ಲೀಟರ್.

ಬೇರೆ ಕಂಡದ್ದು ಟಾರ್ಕ್‌ನಲ್ಲಿ. ಬಿಎಂಡಬ್ಲ್ಯು 28 ನ್ಯೂಟನ್ ಮೀಟರ್ ಕೊಡೋದು 7,500 ಆರ್‌ಪಿಎಂನಲ್ಲಿ, ಅಪಾಚೆ 28.7 ಕೊಡೋದು 6,650ರಲ್ಲಿ. ಅಂಕಿ ಹೆಚ್ಚುಕಡಿಮೆ ಒಂದೇ, ಆದರೆ 850 ಆರ್‌ಪಿಎಂ ಮೊದಲೇ ಸಿಗ್ತದೆ. ಇಳಕಲ್ ಕಡೆ ಗ್ರಾನೈಟ್ ಹೇರಿಕೊಂಡ ಲಾರಿ ಹಿಂದೆ ಸಿಕ್ಕಿಕೊಂಡವರಿಗೆ ಇದರ ಬೆಲೆ ಗೊತ್ತು: ಓವರ್‌ಟೇಕ್‌ಗೆ ಗೇರ್ ಇಳಿಸೋ ಕೆಲಸ ಒಂದು ಸಲ ಕಡಿಮೆ ಆಗಬಹುದು. ಕ್ರೂಸ್ ಕಂಟ್ರೋಲ್, ರೈಡ್ ಮೋಡ್, ಬಣ್ಣದ ಡಿಸ್‌ಪ್ಲೇ ಕೂಡ ಅಪಾಚೆ ಕಡೆಗೇ. ಸೀಟಿನ ಎತ್ತರದಲ್ಲಿ ಮಾತ್ರ ಬಿಎಂಡಬ್ಲ್ಯು ಒಂದು ಮಾರ್ಕ್ ತಗೊಂಡಿತು. ಅದು 785 ಮಿ.ಮೀ., ಇದು 800. ನಮ್ಮಣ್ಣನ ಎತ್ತರ ಐದಡಿ ನಾಲ್ಕಿಂಚು. 15 ಮಿ.ಮೀ. ಅಂದ್ರೆ ಸಿಗ್ನಲ್‌ನಲ್ಲಿ ಪೂರ್ತಿ ಪಾದ ಊರೋದಕ್ಕೂ ಬೆರಳ ಮೇಲೆ ನಿಲ್ಲೋದಕ್ಕೂ ಇರುವ ಅಂತರ.

ಇನ್ನು ದುಡ್ಡು. ಬಿಎಂಡಬ್ಲ್ಯುಗೆ ಹುಬ್ಬಳ್ಳಿಯವರು 1,65,000 ಹೇಳಿದ್ರು, ಅಪಾಚೆಗೆ ವಿಜಯಪುರದವರು 1,90,000. ಇಲ್ಲಿ ಜಿಎಸ್‌ಟಿ ಕೆಲಸಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ ಶೇ 40 ಆಗಿದೆ. ಹತ್ತು ಪರ್ಸೆಂಟ್ ಇಳಿದದ್ದಕ್ಕೆ ಬೆಲೆ ಹತ್ತು ಪರ್ಸೆಂಟ್ ಇಳಿಯೋದಿಲ್ಲ. 128 ಇದ್ದದ್ದು 118 ಆಗ್ತದೆ, ಅಂದ್ರೆ ಸುಮಾರು ಶೇ 7.8. ಹೊಸ ಅಪಾಚೆಯ ಬೆಲೆಯೇ ಅಷ್ಟು ಇಳಿದಿರುವಾಗ ಹಳೇದು ಹಳೇ ರೇಟಿಗೆ ಯಾಕೆ? ಅಣ್ಣ ಇದೊಂದೇ ಲೆಕ್ಕ ಹಿಡಿದುಕೊಂಡು ವಿಜಯಪುರದಲ್ಲಿ ಕೂತು 1,76,000ಕ್ಕೆ ಇಳಿಸಿದ. ವ್ಯತ್ಯಾಸ ಹನ್ನೊಂದು ಸಾವಿರಕ್ಕೆ ಬಂತು.

ಲೆಕ್ಕ ಎಲ್ಲ ಆದ ಮೇಲೆ ಅಣ್ಣ ಸುಮ್ಮನೆ ಕೂತಿದ್ದ. ಆಮೇಲೆ ಹೇಳಿದ, "ಇನ್ನೊಂದು ಸಾಲು ಹಾಕು. ಹೆಸರು."

ನಾನು ನಗಲಿಲ್ಲ. ಹೈಸ್ಕೂಲಿನಿಂದ ಅವನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನೀಲಿ ಬಿಳಿ ಗುಂಡು ಲೋಗೋ ಇರ್ತಿತ್ತು, ನಾನು ನೋಡಿದ್ದೇನೆ. "ಮನ್ಯಾಗ ಆಗ್ಲೇ ಟಿವಿಎಸ್ ಎಕ್ಸ್‌ಎಲ್ ಐತಿ. ಮೂರು ವರ್ಷ ದುಡಿದು ಮತ್ತೊಂದು ಟಿವಿಎಸ್ ತಂದೆ ಅಂದ್ರ ಮಂದಿ ಏನಂತಾರೋ?" ಆ ಎಕ್ಸ್‌ಎಲ್ ಕಾಕಾನದು. ಎರಡೂ ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡಿದ ಗಾಡಿ. ಅಣ್ಣನ ಡಿಪ್ಲೊಮಾ ಫೀ ಅದರ ಮೇಲೆಯೇ ಬಂದದ್ದು. ಕಾಕಾ ಅಲ್ಲೇ ಕಟ್ಟೆ ಮೇಲೆ ಕೂತಿದ್ದರು, ಏನೂ ಅನ್ನಲಿಲ್ಲ.

ಹೆಸರಿಗೆ ಬೆಲೆ ಇಲ್ಲ ಅಂತ ನಾನು ಹೇಳೋದಿಲ್ಲ. ಹೆಸರಿನ ಸಾಲಿನಲ್ಲಿ ಬಿಎಂಡಬ್ಲ್ಯುಗೆ ಹತ್ತಕ್ಕೆ ಒಂಬತ್ತು ಹಾಕಿದೆ. ಆದರೆ ಅದರ ಕೆಳಗೆ ನಾನೂ ಒಂದು ಸಾಲು ಹಾಕಿದೆ: ಗಾಡಿ ನಿಂತರೆ ಎಲ್ಲಿಗೆ ಒಯ್ಯಬೇಕು? ಟಿವಿಎಸ್ ಸರ್ವಿಸ್ ಬಾಗಲಕೋಟೆಯಲ್ಲೇ ಇದೆ. ಬಿಎಂಡಬ್ಲ್ಯುಗೆ ನಾವು ವಿಚಾರಿಸಿದಾಗ ಸಿಕ್ಕ ಉತ್ತರ ಬೆಂಗಳೂರು, ಇಲ್ಲಿಂದ ಸುಮಾರು 500 ಕಿ.ಮೀ. ಜೊತೆಗೆ ಜಿ 310 ಆರ್ ಹೊಸದು ಈಗ ಭಾರತದಲ್ಲಿ ಮಾರಾಟಕ್ಕೂ ಇಲ್ಲ. ಬೆಂಗಳೂರಿನಲ್ಲಿ ಇರುವವನಿಗೆ ನಾನು ಬಹುಶಃ ಬಿಎಂಡಬ್ಲ್ಯುವೇ ತಗೋ ಅಂತಿದ್ದೆ. ಗಾಡಿ ಅದೇ, ಊರು ಬೇರೆ, ಉತ್ತರವೂ ಬೇರೆ.

ಆದರೆ ಊರಲ್ಲಿ ಸರ್ವಿಸ್ ಸೆಂಟರ್ ಇದ್ದರೆ ಸಾಲದು, 310 ಎಂಜಿನ್ ಬಿಚ್ಚಿದ ಕೈ ಅಲ್ಲಿ ಇದೆಯಾ ಅಂತಲೂ ಕೇಳಬೇಕು. ಅಣ್ಣ ಹೋಗಿ ಕೇಳಿ ಬಂದ, "ಒಬ್ಬರು ಅದಾರ" ಅಂದ. ಆ ಒಬ್ಬರಿಂದಲೇ ತೀರ್ಮಾನ ಆಯ್ತು ಅನ್ನಬಹುದು.

ಇದನ್ನ ಬರೆಯೋದಕ್ಕೆ ಕಾರಣ, ಮುಂದಿನ ವರ್ಷ ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಪಗಾರದಲ್ಲಿ ಗಾಡಿ ತಗೋತೀವಿ. ಕ್ಯಾಂಟೀನಿನಲ್ಲಿ ನಾವು ವಾದ ಮಾಡೋದು ಪಿಎಸ್ ಮೇಲೆ, ಟಾಪ್ ಸ್ಪೀಡ್ ಮೇಲೆ. ಒಂದೇ ಥರದ ಎರಡು ಗಾಡಿ ಮುಂದಿದ್ದಾಗ ಅವು ಒಂದಕ್ಕೊಂದು ಹೊಡೆದುಹೋಗ್ತವೆ. ಉಳಿಯೋದು ನಿಮ್ಮ ಕಾಲಿನ ಉದ್ದ, ನಿಮ್ಮ ರಸ್ತೆ, ನಿಮ್ಮ ಊರಿನ ಮೆಕ್ಯಾನಿಕ್, ಮನೆಯ ಮುಂದಿನ ಖರ್ಚು. ಮನಸ್ಸಿನ ಆಸೆಗೂ ಒಂದು ಸಾಲು ಇಡಿ. ಬಚ್ಚಿಟ್ಟರೆ ಅದು ಬೇರೆ ಸಾಲುಗಳೊಳಗೆ ಹೊಕ್ಕು ಮಾರ್ಕ್ಸ್ ತಿದ್ದತದೆ.

ಅಪಾಚೆ ಈಗ ಎಕ್ಸ್‌ಎಲ್ ಪಕ್ಕದಲ್ಲಿ ನಿಲ್ತದೆ. ಯಾರಾದ್ರೂ ಕೇಳಿದ್ರೆ ಅಣ್ಣ, "ಬಿಎಂಡಬ್ಲ್ಯು ಎಂಜಿನ್ ರೀ" ಅಂತಾನೆ. ಮೊನ್ನೆ ಕಾಕಾ ಮೊದಲ ಸಲ ಬಾಯಿ ಬಿಟ್ಟರು: "ಹಂಗಾರ ನಮ್ಮ ಎಕ್ಸ್‌ಎಲ್ ಅದರ ದೊಡ್ಡಪ್ಪ ಆಗ್ತೈತಿ ನೋಡು."