ಅಜ್ಜಿಯ ಇಂಗಿನ ಡಬ್ಬಿ

ಮೈಸೂರಿನ ಆ ಮನೆಯ ಹುಡುಗ ಬಿದ್ದದ್ದು ಮರದಿಂದಲ್ಲ, ಮಹಡಿಯಿಂದಲೂ ಅಲ್ಲ, ಮೊಳದೆತ್ತರದ ಜಗಲಿಯಿಂದ. ಆದರೂ ಮಣಿಕಟ್ಟಿನ ಮೂಳೆ ಮುರಿಯಿತು. ವಯಸ್ಸು ಎಂಟು, ನೋಡಿದವರಿಗೆ ಐದು. ಹಾಲು ತುಪ್ಪಗಳಿಗೆ ಕೊರತೆಯಿಲ್ಲದ ಮನೆ. ದೃಷ್ಟಿ ತಗುಲಿತೆಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿದ್ದೂ ಆಗಿತ್ತು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಹೆಸರಿಸಿದ ಅಪರಾಧಿ ಗೋಧಿ! ರೋಗ, ಸೀಲಿಯಾಕ್. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಕೆಲವರ ದೇಹಕ್ಕೆ ಹಗೆಯಾಗಿ ತೋರುತ್ತದೆ. ಆ ಕಾದಾಟದಲ್ಲಿ ಸಣ್ಣಕರುಳಿನ ಒಳಗೋಡೆಯ ನವಿರಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಕುಡಿದ ಹಾಲಿನ ಸುಣ್ಣದ ಅಂಶ ರಕ್ತಕ್ಕೆ ಸರಿಯಾಗಿ ಸೇರದು. ರಕ್ತಕ್ಕೋ ಅದಿಲ್ಲದೆ ನಡೆಯದು. ದೇಹ ಮೂಳೆಯಿಂದಲೇ ಕಡ ತರುತ್ತದೆ.

"ಹಿರಿಯರೆಲ್ಲ ಗೋಧಿ ತಿಂದು ಬಾಳಲಿಲ್ಲವೆ?" ಎಂದರು ಅಜ್ಜಿ. ವೈದ್ಯರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕನ ಕಥೆ ಹೇಳಿದರು. ಆತ ಹೇಗ್ ನಗರದಲ್ಲಿ 1930ರ ದಶಕದಲ್ಲೇ ಇಂಥ ಮಕ್ಕಳಿಗೆ ಗೋಧಿ ಬಿಡಿಸಿ ನೋಡಿದ್ದ; 1950ರಲ್ಲಿ ಅದನ್ನೇ ಪ್ರಬಂಧವಾಗಿ ಮಂಡಿಸಿದ. ಇಂದಿಗೂ ಪಥ್ಯವೇ ಮದ್ದು.

ಚಪಾತಿ, ಉಪ್ಪಿಟ್ಟು, ಬಿಸ್ಕತ್ತುಗಳು ಮನೆ ಬಿಟ್ಟವು. ಬರಿಯ ಅನ್ನ ಸಾಲದು. 100 ಗ್ರಾಂ ಅಕ್ಕಿಯಲ್ಲಿ ಸುಣ್ಣದ ಅಂಶ 10 ಮಿಲಿಗ್ರಾಂ ಆಸುಪಾಸು, ರಾಗಿಯಲ್ಲಿ ಸುಮಾರು 350. ಸರಿ, ಬೆಳಗ್ಗೆ ರಾಗಿ ಗಂಜಿ, ರಾತ್ರಿ ರಾಗಿ ರೊಟ್ಟಿ. ಆರು ತಿಂಗಳ ಮೇಲೆ ನೋಡಿದರೆ ರಕ್ತದಲ್ಲಿ ಕಾದಾಟದ ಗುರುತು ಇಳಿದೇ ಇರಲಿಲ್ಲ.

ಕದ್ದು ತಿನ್ನಿಸಿದವರಾರು? ಸೊಸೆ ಅತ್ತೆಯನ್ನು ಶಂಕಿಸಿದಳು. ಅತ್ತೆ ಮೂರು ದಿನ ಮಾತು ಬಿಟ್ಟರು. ಗಂಡಸರು, ಎಂದಿನಂತೆ, ವೃತ್ತಪತ್ರಿಕೆಯ ಹಿಂದೆ ಅಡಗಿದರು.

ಆಸ್ಪತ್ರೆಯ ಪಥ್ಯತಜ್ಞೆ ಅಡಿಗೆಮನೆಯ ವಿವರವನ್ನೆಲ್ಲ ಕೇಳಿದಾಗ ಗುಟ್ಟು ಹೊರಬಿತ್ತು. ರಾಗಿ ಬೀಸಿದ್ದು ಗೋಧಿ ಬೀಸುವ ಗಿರಣಿಯಲ್ಲೇ. ಕಲ್ಲಿಗೆ ಮೆತ್ತಿದ ಗೋಧಿಹಿಟ್ಟು ಪ್ರತಿ ಸಲವೂ ಬೆರೆತು ಬಂದಿತ್ತು. ಅದು ಸಾಲದೆಂಬಂತೆ ಒಗ್ಗರಣೆಯ ಇಂಗು! ಅಪ್ಪಟ ಇಂಗಿನ ಘಾಟು ತಾಳಲಾರದ್ದು; ಅಂಗಡಿಯ ಪುಡಿಯಲ್ಲಿ ಹಿಟ್ಟು ಬೆರೆತಿರುತ್ತದೆ, ಅನೇಕ ವೇಳೆ ಗೋಧಿಯದೇ. ಡಬ್ಬಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಓದುವವರಾರು?

ಅಟ್ಟದ ಮೇಲಿನ ಬೀಸುವ ಕಲ್ಲು ಕೆಳಗಿಳಿಯಿತು. ಅತ್ತೆ ಸೊಸೆ ಎದುರುಬದುರು ಕುಳಿತು ರಾಗಿ ಬೀಸಿದರು. ಮಾತು ತಾನಾಗಿ ಮರಳಿತು. ಬೆಳೆಯುವ ಮೂಳೆಗೆ ಕಳೆದದ್ದನ್ನು ತುಂಬಿಕೊಳ್ಳುವ ಶಕ್ತಿ ಹೆಚ್ಚು. ದೊಡ್ಡವರಲ್ಲಿ ಅದು ಅನೇಕ ವೇಳೆ ಪೂರ್ತಿ ಮರಳದು. ಎರಡು ವರ್ಷದಲ್ಲಿ ಹುಡುಗನ ಮೂಳೆಯ ಸಾಂದ್ರತೆ ವಯಸ್ಸಿಗೆ ತಕ್ಕಷ್ಟಾಯಿತು. ಬಾಗಿಲ ಚೌಕಟ್ಟಿನಲ್ಲಿ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು ದೂರದೂರವಾದವು.

ಮೊನ್ನೆ ಮದುವೆಯ ಊಟದಲ್ಲಿ ಚಿರೋಟಿ ಬಂದಾಗ ಹುಡುಗ ಎಲೆಗೆ ಕೈ ಅಡ್ಡ ಹಿಡಿದ. ಹಿಂದೆಯೇ ಸಾರು ಬಂತು. ಪಕ್ಕದಲ್ಲಿದ್ದ ಅಜ್ಜಿ ಬಡಿಸುವವನನ್ನು ತಡೆದರು.

"ಒಗ್ಗರಣೆಗೆ ಯಾವ ಇಂಗು ಹಾಕಿದ್ದೀರಪ್ಪಾ?"