ಫಲಿತಾಂಶ ಹಿಡಿದು ಊರಿಗೆ

ಪ್ರತಿ ವರ್ಷ ಕೊನೆಯ ವರ್ಷದ ಡಿಗ್ರಿ ತರಗತಿಯಲ್ಲಿ ಒಬ್ಬಳಾದರೂ ಇಂಥವಳು ಇರುತ್ತಾಳೆ. ಎನ್ನೆಸ್ಸೆಸ್ ನಾಯಕಿ ಅವಳೇ, ಪ್ರಾಜೆಕ್ಟಿಗೆ ಲ್ಯಾಬಿನಲ್ಲಿ ಸಂಜೆವರೆಗೂ ನಿಲ್ಲುವವಳು ಅವಳೇ, ರಕ್ತದಾನ ಶಿಬಿರಕ್ಕೆ ಬೆಂಚು ಎಳೆದು ಹಾಕುವವಳೂ ಅವಳೇ. ಸ್ಟಾಫ್ ರೂಮಿನಲ್ಲಿ ನಾವು ‘ಅದು ಹೇಗೆ ಎಲ್ಲ ನಿಭಾಯಿಸುತ್ತಾಳೋ’ ಎಂದು ಮೆಚ್ಚಿಕೊಳ್ಳುತ್ತೇವೆ. ಮನೆಯಲ್ಲಿ ‘ಮೊದಲು ಓದು, ಆಮೇಲೆ ಊರುದ್ಧಾರ’ ಎಂದು ಗದರುತ್ತಾರೆ. ಮೆಚ್ಚುವವರೂ ಗದರುವವರೂ ಅವಳ ದಿನವನ್ನು ಮೂರು ಪಾಲು ಮಾಡಿಯೇ ನೋಡುತ್ತೇವೆ. ಆ ಪಾಲು ಸರಿಯಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಗೌರಿಬಿದನೂರು ಕಡೆಯ ಹಳ್ಳಿಯೊಂದರ ಕೊಳವೆಬಾವಿ ನೀರಿನಿಂದ.

ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾದದ್ದು 1969ರಲ್ಲಿ, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನದಲ್ಲಿ ನಾಯಕಿಯಾದವಳ ಪಾಡು ಹತ್ತಿರದಿಂದ ನೋಡಿದವರಿಗೇ ಗೊತ್ತು. ಪ್ರಿನ್ಸಿಪಾಲರ ಸಹಿ, ಪಂಚಾಯಿತಿಯ ಒಪ್ಪಿಗೆ, ಹುಡುಗಿಯರು ಮಲಗುವ ಕೋಣೆಗೆ ಚಿಲಕ, ಬೆಳಗಿನ ಉಪ್ಪಿಟ್ಟಿಗೆ ರವೆ, ‘ನಮ್ಮ ತಂಡಕ್ಕೇ ಯಾಕೆ ಪಾತ್ರೆ ತೊಳೆಯೋ ಕೆಲಸ’ ಎನ್ನುವವರ ಸಮಾಧಾನ, ಎಲ್ಲವೂ ಅವಳ ತಲೆಯ ಮೇಲೆ. ನಾನು ಹೇಳುತ್ತಿರುವ ಹುಡುಗಿ ನನ್ನ ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಶಿಬಿರದ ಅಡುಗೆಗೆ ನೀರಿನ ವ್ಯವಸ್ಥೆ ಮಾಡುತ್ತಿದ್ದಾಗಲೇ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಊರಿನವರು ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನಿನಲ್ಲಿ ತರುತ್ತಿದ್ದುದು ಕುಡಿಯಲಿಕ್ಕೆ ಮಾತ್ರ. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು ನಲ್ಲಿಗೆ ಬರುವ ಕೊಳವೆಬಾವಿ ನೀರಿನಲ್ಲೇ. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದವಳಿಗೆ ವಿಷಯ ಅಡುಗೆಮನೆಯಲ್ಲೇ ಸಿಕ್ಕಿತು.

ಆ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬತ್ತಿದಂತೆಲ್ಲ ಕೊಳವೆಬಾವಿ ಆಳಕ್ಕೆ ಇಳಿಯಿತು. ಆಳದ ನೀರು ಗ್ರಾನೈಟ್ ಬಂಡೆಗಳ ಸಂದಿನಲ್ಲಿ ಬಹಳ ಕಾಲ ನಿಂತು, ಅಲ್ಲಿನ ಖನಿಜಗಳಿಂದ ಫ್ಲೋರೈಡ್ ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಹಾಳಾಗುತ್ತದೆ. ಪ್ರಮಾಣ ತೀರಾ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮಂಡಿ ಬಗ್ಗದಂತಾಗುತ್ತವೆ. ಇದು ಪಾಠದಲ್ಲಿ ಅರ್ಧ ಪುಟ. ಅವಳಿಗೆ ಹೆಸರು ಹಿಡಿದು ಕರೆಯಬಹುದಾದ ಮಕ್ಕಳ ಬಾಯಿ.

ನೀರನ್ನು ಗಾಜಿನ ಸೀಸೆಯಲ್ಲಿ ತುಂಬಬಾರದು, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಬೀದಿವಾರು ಹೆಸರು ಬರೆದ ಬಾಟಲಿಗಳನ್ನು ಲ್ಯಾಬಿನ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಳು. ಕೆಂಪು ಬಣ್ಣದ ದ್ರಾವಣವನ್ನು ಅಳತೆ ಮಾಡಿ ಬೆರೆಸುತ್ತಾರೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸುತ್ತದೆ, ಎಷ್ಟು ಮಾಸಿತೆಂದು ಯಂತ್ರ ಅಳೆಯುತ್ತದೆ. ಶಾಲೆಯ ಪಕ್ಕದ ನಲ್ಲಿಯ ನೀರು ಬೆರೆಸಿದಾಗ ಯಂತ್ರದ ತನಕ ಹೋಗಬೇಕಾಗಿರಲಿಲ್ಲ, ಬರಿಗಣ್ಣಿಗೇ ಬಣ್ಣ ಇಳಿದದ್ದು ಕಂಡಿತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಸರ್, ನಾವು ಬೀದಿನಾಟಕದಲ್ಲಿ ‘ನೀರು ಕಾಯಿಸಿ ಕುಡೀರಿ’ ಅಂತ ಹೇಳಿ ಬಂದ್ವಲ್ಲ?”

ಹೌದು. ಕಾಯಿಸಿದರೆ ರೋಗಾಣು ಸಾಯುತ್ತವೆ, ಅದು ಒಳ್ಳೆಯ ಮಾತೇ. ಫ್ಲೋರೈಡ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ಆ ವಾರ ಇಂಟರ್ನಲ್ಸ್ ಇತ್ತು. ಪ್ರಾಜೆಕ್ಟ್ ವರದಿಗೆ ಬೇಕಾದ ಅಂಕಿಅಂಶ ಆಗಲೇ ಸಿಕ್ಕಿತ್ತು, ಶಿಬಿರದ ಪ್ರಮಾಣಪತ್ರವೂ ಬಂದಿತ್ತು. ಮತ್ತೆ ಆ ಊರಿಗೆ ಹೋಗು ಎಂದು ಯಾವ ನಿಯಮವೂ ಹೇಳುವುದಿಲ್ಲ. ಅವಳು ಶಿಬಿರದ ಲೆಕ್ಕದ ಪುಸ್ತಕವನ್ನು ಜೂನಿಯರ್ ಒಬ್ಬನ ಕೈಗೆ ಕೊಟ್ಟು, ಪರೀಕ್ಷೆ ಮುಗಿದ ಮಧ್ಯಾಹ್ನವೇ ನಾಲ್ಕು ಜನರನ್ನು ಹೊರಡಿಸಿ ಬಸ್ ಹತ್ತಿದಳು. ಜೊತೆಗೆ ನಾನೂ ಹೋದೆ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ನೋಡಿದ ಕೂಡಲೇ, “ನೀವು ಹೇಳ್ದಂಗೇ ಕಾಸಿಯೇ ಕುಡಿಸ್ತಿದೀನಿ ಕಣಮ್ಮ. ಹುಡುಗನ ಹಲ್ಲು ನೋಡು, ಹಂಗೇ ಐತೆ” ಅಂದರು.

“ಅಜ್ಜೀ, ಕಾಸಿದ್ರೆ ಹೊಟ್ಟೆ ಕೆಡಲ್ಲ, ಅದನ್ನ ಬಿಡಬೇಡಿ. ಹಲ್ಲು ಕೆಡಿಸೋದು ಬೇರೆ, ಅದು ಕಾಸಿದ್ರೂ ಹೋಗಲ್ಲ. ಆವತ್ತು ನಾವು ಅರ್ಧ ಹೇಳಿ ಹೋಗಿದ್ವಿ.” ಎಸರಿಗೂ ಕ್ಯಾನಿನ ನೀರೇ ಹಾಕಬೇಕೆಂದಳು. ದೊಡ್ಡ ಹುಡುಗನ ಹಲ್ಲಿನ ಕಲೆ ಹೋಗದು, ತೊಟ್ಟಿಲಲ್ಲಿರುವ ಮಗುವಿನ ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿದೆ, ಅದನ್ನು ಉಳಿಸಿಕೊಳ್ಳಬಹುದು ಎಂದಳು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಶಾಲೆಯ ಮಾಡಿನಿಂದ ಹಿಡಿದಿಡಬಹುದು ಎಂದು ಮೇಷ್ಟರಿಗೆ ಹೇಳಿದಳು. ಕ್ಯಾನಿಗೆ ದುಡ್ಡು ಎಲ್ಲಿಂದ ಎಂದು ಅಜ್ಜಿ ಕೇಳಿದ್ದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಬರೆದುಕೊಂಡು ಪಂಚಾಯಿತಿ ಕಚೇರಿಗೆ ನಡೆದಳು. ನಾಯಕತ್ವವೆಂದು ನಾನು ಗೌರವಿಸುವುದು ಇದನ್ನು. ವೇದಿಕೆಯ ಮೇಲೆ ಮೈಕು ಹಿಡಿದದ್ದನ್ನು ಅಷ್ಟಾಗಿ ಅಲ್ಲ.

ಗೌರಿಬಿದನೂರಿನ ಹೆಸರು ಬಂದಮೇಲೆ ಎಚ್. ನರಸಿಂಹಯ್ಯನವರನ್ನು ನೆನೆಯದೆ ಹೇಗಿರಲಿ? ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿಗೆ ಧುಮುಕಿ ಜೈಲಿಗೆ ಹೋದರು, ಹೊರಬಂದು ಬಿಟ್ಟ ಓದನ್ನು ಮುಗಿಸಿದರು, ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದರು. ಆಮೇಲೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಗೇ ಮರಳಿದರು, ಕುಲಪತಿಯಾದರು, ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಿಜ್ಞಾನವನ್ನು ಜನರ ನಡುವೆ ತಂದರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ತೆರೆದರು. ಅವರ ಬದುಕಿನಲ್ಲಿ ವಿಜ್ಞಾನ ಎಲ್ಲಿ ಮುಗಿದು ಸೇವೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ನನಗಂತೂ ಆಗುವುದಿಲ್ಲ.

ಹಾಗೆಂದು ಹುಡುಗಿಯ ಬಳಲಿಕೆ ಸುಳ್ಳಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಲಗಿದ್ದಳು, ಒಂದು ಪತ್ರಿಕೆಯಲ್ಲಿ ಅಂಕ ಇಳಿಯಿತು, ಮನೆಯಲ್ಲಿ ಮಾತು ಕೇಳಬೇಕಾಯಿತು. ಈ ಭಾರವನ್ನು ಅವಳ ಒಳ್ಳೆಯತನಕ್ಕೇ ಬಿಟ್ಟು ನಾವು ಚಪ್ಪಾಳೆ ತಟ್ಟಿ ಕೂರುವುದು ನ್ಯಾಯವಲ್ಲ. ಕಾಲೇಜುಗಳು ಒಂದು ಕೆಲಸ ಮಾಡಬಹುದು. ಏಳು ದಿನದ ಶಿಬಿರದ ಜೊತೆಗೆ, ಆರು ತಿಂಗಳ ನಂತರ ಅದೇ ಊರಿಗೆ ಮರಳುವ ಒಂದು ದಿನವನ್ನು ವರ್ಷದ ವೇಳಾಪಟ್ಟಿಯಲ್ಲೇ ಬರೆದಿಡಲಿ. ಇಂಟರ್ನಲ್ಸ್ ಇಲ್ಲದ ವಾರ ನೋಡಿ, ಬಸ್ ಖರ್ಚು ಕೊಟ್ಟು, ಹಾಜರಾತಿ ಹಾಕಿ. ಆ ಊರಿನ ಬಗ್ಗೆ ಮಾಡಿದ ಪ್ರಾಜೆಕ್ಟಿನ ಫಲಿತಾಂಶವನ್ನು ಅಲ್ಲಿನ ಮಾತಿನಲ್ಲಿ, ಒಂದೇ ಪುಟದಲ್ಲಿ ಬರೆದು, ಶಾಲೆಯ ಗೋಡೆಗೆ ಅಂಟಿಸಿ ಬರಲಿ. ಮುಂದಿನ ವರ್ಷದ ತಂಡಕ್ಕೆ ಬಾಟಲಿಗಳನ್ನು ನಾನು ಈಗಲೇ ತೊಳೆಸಿ ಇಟ್ಟಿದ್ದೇನೆ.