ಕೆಂಪುಮಣ್ಣಿನ ಬೆಟ್ಟದ ಅರಸುಬಿಡಾರ

ಹೆಸರಿನಲ್ಲಿಯೇ ತಮ್ಮ ಚರಿತ್ರೆಯನ್ನು ಅಡಗಿಸಿಕೊಂಡಿರುವ ಊರುಗಳು ಕನ್ನಡನಾಡಿನಲ್ಲಿ ಹಲವುಂಟು. ಅಂಥವುಗಳಲ್ಲಿ ಕೆಮ್ಮಣ್ಣುಗುಂಡಿಯೂ ಒಂದು. ಕೆಂಪು ಎಂಬ ಮಾತು ಮಣ್ಣಿನೊಡನೆ ಸಮಾಸಗೊಂಡು ‘ಕೆಮ್ಮಣ್ಣು’ ಆಗುತ್ತದೆ. ಕೆಂದಾವರೆ, ಕೆಮ್ಮುಗಿಲುಗಳ ಹಾಗೆ. ಆ ಮಣ್ಣನ್ನು ಅಗೆದ ಗುಂಡಿಯೇ ಕೆಮ್ಮಣ್ಣುಗುಂಡಿ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ 1,434 ಮೀಟರು ಎತ್ತರದಲ್ಲಿರುವ ಈ ಗಿರಿಧಾಮಕ್ಕೆ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಗೌರವದ ಹೆಸರೂ ಇದೆ. ಒಂದು ಹೆಸರನ್ನು ಮಣ್ಣು ಕೊಟ್ಟಿತು, ಮತ್ತೊಂದನ್ನು ದೊರೆ ಕೊಟ್ಟನು. ಬೆಟ್ಟದ ಕಥೆಯೆಲ್ಲವೂ ಈ ಎರಡು ಹೆಸರುಗಳ ನಡುವೆ ಇದೆ.

ಬೇಸಗೆಯಲ್ಲಿ ಬೆಟ್ಟವೇರುವ ಪದ್ಧತಿಯನ್ನು ನಮ್ಮಲ್ಲಿ ಬಳಕೆಗೆ ತಂದವರು ಆಂಗ್ಲರು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಊಟಿಯಲ್ಲಿ ಕಲ್ಲುಮನೆ ಕಟ್ಟಿದನು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ನಂದಿಬೆಟ್ಟದ ಮೇಲೆ ಬಂಗಲೆಯನ್ನು ಮಾಡಿಕೊಂಡನು. ಮೈಸೂರಿನ ಅರಸರಿಗೂ ಊಟಿಯ ಫರ್ನ್‌ಹಿಲ್ಲಿನಲ್ಲಿ ಅರಮನೆಯಿದ್ದಿತು. ಆದರೆ ಅದು ಮದರಾಸು ಪ್ರಾಂತದ ನೆಲ. 1902ರಿಂದ 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸಂಸ್ಥಾನದ ಮಲೆಯಲ್ಲಿಯೇ ಬೇಸಗೆಯ ಬಿಡಾರವೊಂದನ್ನು ಮಾಡಿಕೊಂಡರು. ಅವರು ಮೆಚ್ಚಿ ತಂಗುತ್ತಿದ್ದ ಆ ಬಿಡಾರದ ನೆನಪನ್ನು ರಾಜಭವನವೆಂಬ ವಸತಿಗೃಹವು ಇಂದಿಗೂ ಉಳಿಸಿಕೊಂಡಿದೆ.

ಅರಮನೆಯ ಆಡಂಬರವನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ಕೊಂಚ ನಿರಾಶೆಯಾದೀತು. ಇದೇ ದೊರೆಯು 1921ರಲ್ಲಿ ಮೈಸೂರಿನಲ್ಲಿ ಕಟ್ಟಿಸಲಾರಂಭಿಸಿದ ಲಲಿತಮಹಲನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಇ. ಡಬ್ಲ್ಯು. ಫ್ರಿಚ್ಲಿ ಎಂಬ ಶಿಲ್ಪಿಯು ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ನೆನಪಿಗೆ ತರುವ ಗುಮ್ಮಟವನ್ನಿಟ್ಟು ರಚಿಸಿದ ಆ ಭವನವು ವೈಸರಾಯಿಯಂಥ ಅತಿಥಿಗಳಿಗಾಗಿ ಆದದ್ದು. 1974ರಲ್ಲಿ ಅದು ಹೋಟೆಲಾಯಿತು. ಅಲ್ಲಿ ಕಟ್ಟಡವೇ ನೋಟ. ಕೆಮ್ಮಣ್ಣುಗುಂಡಿಯಲ್ಲಿ ಕಟ್ಟಡವು ನೋಟಕ್ಕೊಂದು ಪೀಠ ಮಾತ್ರ. ರಾಜಭವನದ ಮುಂದೆ ನಿಂತವರ ಕಾಲ ಬಳಿ ಕಣಿವೆ ಇಳಿದುಹೋಗುತ್ತದೆ. ಆಚೆಗೆ ಒಂದರ ಬೆನ್ನಿಗೊಂದು ಬೆಟ್ಟಗಳು ನೀಲಿಗಟ್ಟುತ್ತವೆ. ಸಂಜೆಯ ಸೂರ್ಯನು ಅವುಗಳ ಹಿಂದೆ ಮುಳುಗುತ್ತಾನೆ. ಗುಮ್ಮಟವನ್ನೆತ್ತಿ ಇದರೊಡನೆ ಸ್ಪರ್ಧಿಸುವುದು ಯಾವ ಶಿಲ್ಪಿಗೂ ಸಾಧ್ಯವಿಲ್ಲ.

ಆದರೆ ಈ ಬೆಟ್ಟವು ಕೇವಲ ವಿಹಾರದ ತಾಣವಾಗಿರಲಿಲ್ಲ. ಮಣ್ಣಿಗೆ ಕೆಂಪನ್ನು ಕೊಟ್ಟ ಕಬ್ಬಿಣವೇ ನಾಡಿಗೆ ಕಾರ್ಖಾನೆಯನ್ನೂ ಕೊಟ್ಟಿತು. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 1918ರಲ್ಲಿ ಮೊದಲಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ, ಅದಕ್ಕೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು. ಕುಲುಮೆಗೆ ಮಲೆನಾಡಿನ ಕಾಡುಗಳ ಇದ್ದಿಲು ಉರುವಲಾಯಿತು. ಒಂದು ಮಗ್ಗುಲಲ್ಲಿ ಗಣಿ, ಇನ್ನೊಂದು ಮಗ್ಗುಲಲ್ಲಿ ಗುಲಾಬಿಯ ತೋಟ! ಜಗತ್ತಿನ ಬೇರೆಡೆಗಳಲ್ಲಿ ಶ್ರೀಮಂತರ ವಿಹಾರಗೃಹಗಳು ಗಣಿಯ ಧೂಳಿನಿಂದ ದೂರ ಸರಿಯುತ್ತವೆ. ಇಲ್ಲಿ ಎರಡೂ ಒಂದೇ ಬೆಟ್ಟವನ್ನು ಹಂಚಿಕೊಂಡವು. ಮುಂದೆ ಗಣಿಗಾರಿಕೆ ನಿಂತುಹೋಯಿತು. ತೋಟ ಉಳಿಯಿತು. ದೊರೆಯ ಬಿಡಾರವು ಸರ್ಕಾರದ ವಶಕ್ಕೆ ಬಂದು, ದಶಕಗಳ ಕಾಲ ತೋಟಗಾರಿಕೆ ಇಲಾಖೆಯ ಆರೈಕೆಯಲ್ಲಿ ಬೆಳೆದು, ಸಾಮಾನ್ಯ ಸಂಸಾರಸ್ಥರು ಬಾಡಿಗೆ ತೆತ್ತು ತಂಗುವ ವಸತಿಯಾಯಿತು. ಅರಸನ ಕಿಟಕಿಯಲ್ಲಿ ಇಂದು ಶಾಲಾಬಾಲಕನು ನಿಂತು ಮಂಜನ್ನು ನೋಡುತ್ತಾನೆ. ಚರಿತ್ರೆಯಲ್ಲಿ ಇದಕ್ಕಿಂತ ಹಿತವಾದ ಬದಲಾವಣೆಗಳು ಹೆಚ್ಚಿಲ್ಲ.

ಇಂಥ ಕಟ್ಟಡಗಳಿಗೆ ಕಾಲಕ್ಕಿಂತಲೂ ದೊಡ್ಡ ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಟ್ಟವು ಮೋಡದೊಳಗೇ ಇರುತ್ತದೆ. ಮಲೆನಾಡಿನ ಹಿರಿಯರು ಇದನ್ನು ಬಲ್ಲವರಾದ್ದರಿಂದಲೇ ಕಡಿದಾದ ಇಳಿಜಾರು ಮಾಡು, ಮುಂಚಾಚಿದ ಸೂರು, ಸುಣ್ಣದ ಗಾರೆ ಇವುಗಳನ್ನು ಆಶ್ರಯಿಸಿದರು. ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗೆ ಹೊಕ್ಕ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಹಳೆಯ ಗೋಡೆಯ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವವು ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತದೆ. ಹಳೆಯ ಮನೆಯನ್ನು ಹೊಸದಾಗಿ ಕಾಣಿಸುವ ಆತುರದಲ್ಲಿ ಅದನ್ನು ಕಳೆದುಕೊಂಡ ಉದಾಹರಣೆಗಳು ಮಲೆನಾಡಿನಲ್ಲಿ ಸಾಕಷ್ಟಿವೆ. ಕೊಠಡಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಸುಲಭ. ಆದರೆ ಗಣಿಯಿಂದ ಒಮ್ಮೆ ಗಾಯಗೊಂಡ ಗುಡ್ಡವು ಎಷ್ಟು ಹೊರೆಯನ್ನು ಹೊರಬಲ್ಲದೆಂಬುದನ್ನು ಮೊದಲು ಕೇಳಬೇಕು. ಪಕ್ಕದಲ್ಲಿಯೇ ಭದ್ರಾ ಅಭಯಾರಣ್ಯವಿದೆ. 1998ರಿಂದ ಅದು ಹುಲಿಗಳ ರಕ್ಷಿತಾರಣ್ಯವೂ ಹೌದು.

ಹೋಗಬೇಕೆನ್ನುವವರು ಬೆಂಗಳೂರು–ಶಿವಮೊಗ್ಗ ರೈಲುಮಾರ್ಗದ ತರೀಕೆರೆಯಲ್ಲಿ ಇಳಿದು, ಲಿಂಗದಹಳ್ಳಿಯ ಮೇಲೆ ಬೆಟ್ಟವನ್ನೇರಬಹುದು. ದಾರಿಯಲ್ಲಿ ಕಲ್ಲತ್ತಿಯ ವೀರಭದ್ರ ದೇವಾಲಯದ ಮುಂದೆಯೇ ಜಲಧಾರೆ ಧುಮುಕುತ್ತದೆ. ನಡೆಯಬಲ್ಲವರಿಗೆ ರಾಜಭವನದ ಮೇಲಿನಿಂದ ಝಡ್ ಪಾಯಿಂಟಿನ ಕಾಲುದಾರಿ ಇದೆ; ಕಾಡಿನೊಳಗೆ, 168 ಮೀಟರು ಎತ್ತರದಿಂದ ಎರಡು ಹಂತಗಳಲ್ಲಿ ಇಳಿಯುವ ಹೆಬ್ಬೆ ಜಲಪಾತವಿದೆ. ಮಳೆಗಾಲದಲ್ಲಿ ಜಿಗಣೆಗಳ ಕಾಟವಿರುವುದರಿಂದ ಮಕ್ಕಳೊಡನೆ ಹೋಗುವವರಿಗೆ ಮಳೆ ಕಳೆದ ತಿಂಗಳುಗಳೇ ಮೇಲು.

ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮುಗಿಸುವ ಅವಸರದಲ್ಲಿ ಒಂದು ಸಂಜೆಯನ್ನಾದರೂ ರಾಜಭವನದ ಮುಂದೆ ಸುಮ್ಮನೆ ಕಳೆಯದೆ ಬರಬಾರದು. ಗುಡ್ಡವನ್ನು ಅಗೆದು ಕಬ್ಬಿಣವನ್ನು ಪಡೆದ ನಾಡು, ಅದೇ ಗುಡ್ಡದ ಮೇಲೆ ಹೂವನ್ನೂ ಬೆಳೆಯಿತೆಂಬುದು ಅಲ್ಲಿ ಕುಳಿತವರ ಕಣ್ಣಿಗೆ ಕಾಣುತ್ತದೆ. ಕಬ್ಬಿಣವು ಎಂದೋ ಬೆಟ್ಟವನ್ನಿಳಿದು ಹೋಯಿತು. ಉಳಿದಿರುವ ಮನೆಯನ್ನೂ ಮರಗಳನ್ನೂ ಕಾಪಾಡುವ ಹೊಣೆ ಈಗ ಅರಸನದಲ್ಲ, ಅಲ್ಲಿ ತಂಗಿ ಬರುವವರೆಲ್ಲರದು.